ನಿಂತಲ್ಲೇ ಬಿಸಿಯೇರುವ ಪಿಕಪ್: ಕಾರಣವನ್ನು ಹಂತಹಂತವಾಗಿ ಪತ್ತೆ ಮಾಡುವ ಬಗೆ

ಸುಗ್ಗಿಯ ದಿನಗಳಲ್ಲಿ ಕೋಲಾರದ ಎ.ಪಿ.ಎಂ.ಸಿ. ಅಂಗಳಕ್ಕೆ ಟೊಮೆಟೊ ಕ್ರೇಟುಗಳನ್ನು ಹೊತ್ತು ಬರುವ ಪಿಕಪ್‌ಗಳು ಸಾಲಿನಲ್ಲಿ ಬಹಳ ಹೊತ್ತು ಕಾಯಬೇಕಾಗುತ್ತದೆ. ಸಾಲು ಒಂದೊಂದು ಗಾಡಿಯ ಉದ್ದದಷ್ಟೇ ಮುಂದೆ ಸರಿಯುವುದರಿಂದ ಎಂಜಿನ್ ಆರಿಸಿ ಕೂರುವಂತೆಯೂ ಇರುವುದಿಲ್ಲ. ಊರಿನಿಂದ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಬರುವಾಗ ಅಲುಗಾಡದೆ ನಡುವಿನಲ್ಲೇ ನಿಂತಿದ್ದ ತಾಪದ ಮುಳ್ಳು ಇಲ್ಲಿ ಹತ್ತು ನಿಮಿಷದೊಳಗೆ ಕೆಂಪು ಗೆರೆಯ ಕಡೆಗೆ ಏರತೊಡಗುತ್ತದೆ, ಸಾಲು ದಾಟಿ ಗಾಡಿ ಓಡಿದ ಕೂಡಲೇ ತಾನಾಗಿ ಕೆಳಗಿಳಿಯುತ್ತದೆ. ಈ ತೊಂದರೆಯೊಂದಿಗೆ ಗ್ಯಾರೇಜಿಗೆ ಹೋದವರಲ್ಲಿ ಅನೇಕರು ಮೊದಲು ಥರ್ಮೋಸ್ಟಾಟ್ (ನೀರು ಕಾದಾಗ ರೇಡಿಯೇಟರ್‌ನ ದಾರಿ ತೆರೆಯುವ ವಾಲ್ವ್) ತೆಗೆಸುತ್ತಾರೆ, ಆಮೇಲೆ ರೇಡಿಯೇಟರ್ ಬದಲಿಸುತ್ತಾರೆ, ಅದರ ನಂತರ ವಾಟರ್ ಬಾಡಿ, ಅಂದರೆ ನೀರನ್ನು ಸುತ್ತಿಸುವ ಪಂಪು, ಹಾಕಿಸುತ್ತಾರೆ. ಸಾವಿರಾರು ರೂಪಾಯಿ ಖರ್ಚಾದ ಮೇಲೂ ಮುಳ್ಳು ಅದೇ ಜಾಗದಲ್ಲಿ ಏರುತ್ತಿರುತ್ತದೆ.

ಹೀಗಾಗುವುದು ಬಿಡಿಭಾಗಗಳ ದೋಷದಿಂದಲ್ಲ, ಪತ್ತೆಯ ಕ್ರಮ ತಪ್ಪಿರುವುದರಿಂದ. ಓಡುವಾಗ ತಣ್ಣಗಿದ್ದು ನಿಂತಾಗ ಮಾತ್ರ ಬಿಸಿಯೇರುವುದೇ ಒಂದು ದೊಡ್ಡ ಸುಳಿವು. ಆ ಸುಳಿವನ್ನು ಹಿಡಿದು, ಕೊರತೆಯಿರುವುದು ಗಾಳಿಯದೋ ನೀರಿನದೋ ಎಂಬುದನ್ನು ತೀರ್ಮಾನಿಸುವವರೆಗೆ ಸ್ಪ್ಯಾನರ್ ಕೈಗೆತ್ತಿಕೊಳ್ಳಬಾರದು. ಈ ಬರಹದಲ್ಲಿ ಆ ತೀರ್ಮಾನಕ್ಕೆ ಬರುವ ದಾರಿಯನ್ನೇ ವಿವರಿಸಿದ್ದೇನೆ. ಬೊಲೆರೊ ಪಿಕಪ್‌ನಂತಹ, ಮೂತಿಯೊಳಗೆ ಎಂಜಿನ್ ಇರುವ ಡೀಸೆಲ್ ಗಾಡಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದರೂ ಇದರ ಬಹುಪಾಲು ಬೇರೆ ಪಿಕಪ್‌ಗಳಿಗೂ ಹೊಂದುತ್ತದೆ.

ಗಾಡಿ ನಿಂತಾಗ ಬದಲಾಗುವುದೇನು

ಎಂಜಿನ್ ಸುಮ್ಮನೆ ನಿಮಿಷಕ್ಕೆ 750ರಿಂದ 850 ಸುತ್ತಿನಲ್ಲಿ ತಿರುಗುತ್ತಿರುವಾಗ ಸುಡುವ ಡೀಸೆಲ್ ಅತ್ಯಲ್ಪ, ಆದ್ದರಿಂದ ಹೊರಹಾಕಬೇಕಾದ ಶಾಖವೂ ಅಲ್ಪವೇ. ಕೂಲಿಂಗ್ ವ್ಯವಸ್ಥೆ ಆರೋಗ್ಯವಾಗಿದ್ದರೆ ಕಲಬುರಗಿಯ ಬೇಸಿಗೆಯಲ್ಲಿ, ಹೊರಗೆ 40 ಡಿಗ್ರಿ ದಾಟಿರುವಾಗಲೂ ಗಾಡಿ ಗಂಟೆಗಟ್ಟಲೆ ನಿಂತು ತಿರುಗಬಲ್ಲದು. "ಬಿಸಿಲು ಜಾಸ್ತಿ, ಅದಕ್ಕೇ ಹೀಟ್ ಆಗುತ್ತದೆ" ಎಂಬ ಸಮಾಧಾನವನ್ನು ಒಪ್ಪಿಕೊಳ್ಳಬೇಡಿ. ಬಿಸಿಲು ಒಳಗಿರುವ ದೋಷವನ್ನು ಹೊರಗೆ ತೋರಿಸುತ್ತದೆ, ದೋಷವನ್ನು ಹುಟ್ಟಿಸುವುದಿಲ್ಲ.

ಓಡುವ ಗಾಡಿಯ ರೇಡಿಯೇಟರ್‌ಗೆ ಮುಂಭಾಗದ ಜಾಲರಿಯ ಮೂಲಕ ಗಾಳಿ ತಾನಾಗಿ ನುಗ್ಗುತ್ತದೆ, ಆಗ ಫ್ಯಾನ್ ಇದ್ದರೂ ಇಲ್ಲದಿದ್ದರೂ ಹೆಚ್ಚಿನ ವ್ಯತ್ಯಾಸವಾಗದು. ನಿಂತ ಗಾಡಿಗೆ ಫ್ಯಾನ್ ಎಳೆದುಕೊಟ್ಟ ಗಾಳಿಯಷ್ಟೇ ಗತಿ. ಅದೇ ಹೊತ್ತಿನಲ್ಲಿ ವಾಟರ್ ಬಾಡಿ ಕೂಡ ತನ್ನ ಅತ್ಯಂತ ನಿಧಾನದ ವೇಗದಲ್ಲಿ ತಿರುಗುತ್ತಿರುವುದರಿಂದ ಕೂಲೆಂಟಿನ (ಎಂಜಿನ್ ತಣಿಸುವ ದ್ರವದ) ಹರಿವು ಕನಿಷ್ಠ ಮಟ್ಟದಲ್ಲಿರುತ್ತದೆ. ನಿಂತಾಗ ಮಾತ್ರ ಬಿಸಿ ಎಂದರೆ ಮೊದಲ ಅನುಮಾನ ಫ್ಯಾನ್ ಮತ್ತು ಗಾಳಿಯ ದಾರಿಯ ಮೇಲೆ ಹೋಗಬೇಕು, ಎರಡನೆಯದು ನಿಧಾನ ವೇಗದಲ್ಲಿ ಸೋಲುವ ಪಂಪಿನ ಮೇಲೆ. ಇದಕ್ಕೆ ವಿರುದ್ಧವಾಗಿ, ನಿಂತಾಗ ಸರಿಯಿದ್ದು ಶಿರಾಡಿ ಅಥವಾ ಚಾರ್ಮಾಡಿ ಘಾಟಿಯನ್ನು ಲೋಡ್ ಸಮೇತ ಏರುವಾಗ ಬಿಸಿಯಾಗುವ ಗಾಡಿಯಲ್ಲಿ ರೇಡಿಯೇಟರ್ ಒಳಗಿನ ಕೊಳವೆಗಳು ಕಟ್ಟಿರುವ ಅಥವಾ ಥರ್ಮೋಸ್ಟಾಟ್ ಪೂರ್ತಿ ತೆರೆಯದಿರುವ ಸಾಧ್ಯತೆ ಹೆಚ್ಚು. ಎರಡೂ ಸಂದರ್ಭಗಳಲ್ಲಿ ಬಿಸಿಯಾದರೆ ಕೂಲೆಂಟ್ ಕಡಿಮೆಯಾಗಿರಬಹುದು ಅಥವಾ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್ ಮತ್ತು ಅದರ ಮೇಲಿನ ಹೆಡ್ ನಡುವಿನ ಪದರ) ಹೋಗಿರಬಹುದು.

ಕೈ ಹಾಕುವ ಮುನ್ನ

ಬಿಸಿಯಿರುವ ರೇಡಿಯೇಟರ್‌ನ ಮುಚ್ಚಳವನ್ನು ಯಾವ ಕಾರಣಕ್ಕೂ ತೆರೆಯಬೇಡಿ, ಒದ್ದೆ ಗೋಣಿಚೀಲ ಹಿಡಿದು ತೆರೆಯುವ ರೂಢಿಯನ್ನೂ ಬಿಟ್ಟುಬಿಡಿ. ಮುಚ್ಚಳದ ಕೆಳಗೆ ಒತ್ತಡದಲ್ಲಿರುವ ನೀರು 100 ಡಿಗ್ರಿ ದಾಟಿದ್ದರೂ ಕುದಿಯದೆ ಕಾಯುತ್ತಿರುತ್ತದೆ. ಒತ್ತಡ ಇಳಿದ ಮರುಕ್ಷಣವೇ ಅದು ಹಬೆಯಾಗಿ ಚಿಮ್ಮಿ ಮುಖ ಮತ್ತು ಕೈಗಳನ್ನು ಬೇಯಿಸುತ್ತದೆ. ಎಂಜಿನ್ ಆರಿಸಿ ಕನಿಷ್ಠ ಒಂದು ಗಂಟೆ ಬಿಟ್ಟು, ಮೇಲಿನ ಹೋಸ್ ಪೈಪನ್ನು ಮುಟ್ಟಿ ನೋಡಿ. ಅದು ಬರಿಗೈಗೆ ತಣ್ಣಗೆ ತಾಗಿ, ಹಿಸುಕಿದರೆ ಮೆತ್ತಗಿದ್ದರೆ ಮಾತ್ರ ಮುಚ್ಚಳಕ್ಕೆ ಕೈ ಹಾಕಬಹುದು.

ಎಂಜಿನ್ ತಿರುಗುತ್ತಿರುವಾಗ ಹೆಗಲ ಮೇಲಿನ ಟವೆಲ್, ಪಂಚೆಯ ಅಂಚು, ಕೊರಳ ಸರ ಯಾವುದೂ ಬಾನೆಟ್ಟಿನೊಳಗೆ ಇಳಿಬೀಳಬಾರದು. ಎಲೆಕ್ಟ್ರಿಕ್ ಫ್ಯಾನ್ ಇರುವ ಕೆಲವು ಗಾಡಿಗಳಲ್ಲಿ ಕೀ ತೆಗೆದ ಮೇಲೂ ಫ್ಯಾನ್ ಹಠಾತ್ತಾಗಿ ತಿರುಗಬಹುದು, ಆದ್ದರಿಂದ ಅದರ ಬಳಿ ಕೆಲಸ ಮಾಡುವಾಗ ಬ್ಯಾಟರಿಯ ನೆಗೆಟಿವ್ ತಂತಿಯನ್ನು ಬಿಚ್ಚಿಡಿ. ತೆಗೆದ ಕೂಲೆಂಟನ್ನು ಅಂಗಳಕ್ಕೆ ಚೆಲ್ಲಬೇಡಿ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿ ರುಚಿಯ ವಿಷ, ನಾಯಿ ಮತ್ತು ದನಕರುಗಳು ಅದನ್ನು ನೆಕ್ಕಿ ಸಾಯುತ್ತವೆ.

ಹಂತ 1: ಮುಳ್ಳು ನಿಜ ಹೇಳುತ್ತಿದೆಯೇ?

ಡ್ಯಾಶ್‌ಬೋರ್ಡಿನ ಮುಳ್ಳನ್ನು ಪೂರ್ತಿ ನಂಬಬೇಕಾಗಿಲ್ಲ, ಪೂರ್ತಿ ತಳ್ಳಿಹಾಕಲೂ ಬಾರದು. ಇತ್ತೀಚಿನ ಅನೇಕ ಗಾಡಿಗಳಲ್ಲಿ ಸಾಮಾನ್ಯ ವ್ಯಾಪ್ತಿಯ ತಾಪವಿರುವವರೆಗೂ ಮುಳ್ಳನ್ನು ನಡುವಿನಲ್ಲೇ ನಿಲ್ಲಿಸುವ ವ್ಯವಸ್ಥೆ ಇರುತ್ತದೆ. ಅಂತಹ ಮುಳ್ಳು ಕದಲಿದಾಗ ತಾಪ ಆಗಲೇ ಮೇಲೇರಿರುತ್ತದೆ. ಹಳೆಯ ಗಾಡಿಗಳಲ್ಲಿ ಸೆನ್ಸರ್ ಕೆಟ್ಟರೆ ಅಥವಾ ಅರ್ಥ್ ಸಂಪರ್ಕಕ್ಕೆ ತುಕ್ಕು ಹಿಡಿದರೆ ಮುಳ್ಳು ಸುಳ್ಳು ಹೇಳುತ್ತದೆ. ಹೆಡ್‌ಲೈಟ್ ಹಾಕಿದ ಕೂಡಲೇ ಮುಳ್ಳು ಜಿಗಿದರೆ ಅದು ಶಾಖದ ತೊಂದರೆಯಲ್ಲ, ತಂತಿಯ ತೊಂದರೆ.

ಅಳೆಯಲು ಎರಡು ಉಪಾಯಗಳಿವೆ. ಗಾಡಿಯಲ್ಲಿ ಓಬಿಡಿ ಸಾಕೆಟ್ (ಎಂಜಿನ್ ಕಂಪ್ಯೂಟರಿನ ಮಾಹಿತಿ ಓದುವ ಸಾಕೆಟ್) ಇದ್ದರೆ ಬ್ಲೂಟೂತ್ ಅಡಾಪ್ಟರ್ ಸಿಕ್ಕಿಸಿ ಮೊಬೈಲಿನಲ್ಲೇ ಕೂಲೆಂಟಿನ ತಾಪವನ್ನು ಓದಬಹುದು. ಇಲ್ಲದಿದ್ದರೆ ದೂರದಿಂದ ಗುರಿಯಿಟ್ಟು ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಬಳಸಿ ಥರ್ಮೋಸ್ಟಾಟ್ ಕೂತಿರುವ ಜಾಗವನ್ನು ಅಳೆಯಿರಿ. ಹೊಳೆಯುವ ಅಲ್ಯೂಮಿನಿಯಂ ಮೇಲೆ ಈ ಉಪಕರಣ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಆ ಜಾಗಕ್ಕೆ ಕಪ್ಪು ಟೇಪಿನ ಒಂದು ತುಂಡು ಅಂಟಿಸಿ ಅದರ ಮೇಲೆಯೇ ಅಳೆದರೆ ನಂಬುವಂತಹ ಅಂಕಿ ಸಿಗುತ್ತದೆ. ಬಹುತೇಕ ಎಂಜಿನ್‌ಗಳು 80ರಿಂದ 95 ಡಿಗ್ರಿ ಸೆಲ್ಸಿಯಸ್ ನಡುವೆ ಇರುತ್ತವೆ, ಎಲೆಕ್ಟ್ರಿಕ್ ಫ್ಯಾನ್ ಇದ್ದರೆ ಅದು ಚಾಲೂ ಆಗುವ ಮುನ್ನ 100ರ ಆಸುಪಾಸಿಗೆ ಹೋಗುವುದೂ ಸಹಜ. 110 ದಾಟಿದರೆ ಪರೀಕ್ಷೆಯನ್ನು ಅಲ್ಲಿಗೇ ನಿಲ್ಲಿಸಿ.

ಹೊಗೆ ಮಾಲಿನ್ಯದ ಬಿಎಸ್-6 ನಿಯಮಕ್ಕೆ ಹೊಂದುವ ಡೀಸೆಲ್ ಗಾಡಿಗಳ ಬಗ್ಗೆ ಒಂದು ಮಾತು ಹೇಳಬೇಕು. ಸೈಲೆನ್ಸರ್ ದಾರಿಯಲ್ಲಿರುವ ಮಸಿ ಸೋಸುವ ಫಿಲ್ಟರ್ ತನ್ನನ್ನು ತಾನೇ ಸುಟ್ಟು ಶುಚಿಮಾಡಿಕೊಳ್ಳುವ ಹೊತ್ತಿನಲ್ಲಿ ಎಂಜಿನ್ನಿನ ವೇಗ ತುಸು ಏರಬಹುದು, ಬಾನೆಟ್ಟಿನ ಕೆಳಗೂ ಗಾಡಿಯ ಅಡಿಯಲ್ಲೂ ಬಿಸಿ ಹೆಚ್ಚಬಹುದು. ಕೂಲೆಂಟಿನ ತಾಪ ಸಹಜವಾಗಿಯೇ ಇದ್ದರೆ ಇದಕ್ಕೆ ಹೆದರಬೇಕಾಗಿಲ್ಲ.

ಹಂತ 2: ಬೆಳಗಿನ ತಣ್ಣನೆಯ ತಪಾಸಣೆ

ರಾತ್ರಿಯೆಲ್ಲ ನಿಂತ ಗಾಡಿಯನ್ನು ಸ್ಟಾರ್ಟ್ ಮಾಡುವ ಮುನ್ನ ಮುಚ್ಚಳ ತೆರೆದು ನೋಡಿ. ಕೂಲೆಂಟ್ ರೇಡಿಯೇಟರ್‌ನ ಕುತ್ತಿಗೆಯವರೆಗೆ ಇರಬೇಕು. ಪಕ್ಕದ ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬಿದ್ದರೂ ರೇಡಿಯೇಟರ್ ಒಳಗೆ ಖಾಲಿಯಿರುವುದು ಸಾಧ್ಯ, ಮುಚ್ಚಳ ಕೆಟ್ಟಾಗ ಹಾಗಾಗುತ್ತದೆ. ಮಟ್ಟ ಕಡಿಮೆಯಿದ್ದರೆ ತುಂಬಿಸಿ ಸುಮ್ಮನಾಗದೆ ಅದು ಎಲ್ಲಿಗೆ ಹೋಯಿತೆಂದು ಹುಡುಕಿ: ಹೋಸ್ ಕ್ಲಿಪ್ಪುಗಳ ಬಳಿ ಒಣಗಿದ ಬಿಳಿ ಅಥವಾ ಹಸಿರು ಕಲೆ, ವಾಟರ್ ಬಾಡಿಯ ಕೆಳಗಿರುವ ಸಣ್ಣ ರಂಧ್ರದಿಂದ ಇಳಿದ ಗೆರೆ, ರೇಡಿಯೇಟರ್‌ನ ಪ್ಲಾಸ್ಟಿಕ್ ತೊಟ್ಟಿ ಮತ್ತು ಅಲ್ಯೂಮಿನಿಯಂ ಸೇರುವ ಅಂಚು. ಹೊರಗೆ ಎಲ್ಲೂ ಸೋರಿಕೆ ಕಾಣದೆ ಕೂಲೆಂಟ್ ಕಡಿಮೆಯಾಗುತ್ತಿದ್ದರೆ, ಹೊಗೆಯನ್ನು ತಣಿಸುವ ಇಜಿಆರ್ ಕೂಲರ್ ಒಳಗೊಳಗೇ ಸೋರುತ್ತಿರಬಹುದು ಅಥವಾ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು.

ಒಳಗಿನ ದ್ರವದ ಬಣ್ಣವನ್ನೂ ನೋಡಿ. ಕಂದು ತುಕ್ಕಿನ ನೀರಾಗಿದ್ದರೆ ಯಾರೋ ಬೋರ್‌ವೆಲ್ ನೀರನ್ನೇ ತುಂಬುತ್ತ ಬಂದಿದ್ದಾರೆಂದು ತಿಳಿಯಿರಿ. ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಗಡಸು ನೀರು ಮನೆಯ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುವಂತೆಯೇ ಎಂಜಿನ್ ಬ್ಲಾಕಿನೊಳಗೂ ಕಟ್ಟುತ್ತದೆ, ಆ ಪದರ ಶಾಖವನ್ನು ನೀರಿಗೆ ದಾಟಗೊಡುವುದಿಲ್ಲ. ಬಟ್ಟಿ ಇಳಿಸಿದ ನೀರು ಮತ್ತು ನೀರು ಬೆರೆಸದ ಗಟ್ಟಿ ಕೂಲೆಂಟ್ ಸಮಸಮ ಬೆರೆತ ಮಿಶ್ರಣವೇ ಸರಿಯಾದದ್ದು. ಬಿಸಿಯಾಗುತ್ತಿದೆಯೆಂದು ಬರೀ ಕೂಲೆಂಟನ್ನೇ ತುಂಬುವವರಿದ್ದಾರೆ. ಅದೂ ತಪ್ಪು, ಏಕೆಂದರೆ ಶಾಖ ಹೊತ್ತೊಯ್ಯುವ ಸಾಮರ್ಥ್ಯ ನೀರಿಗಿರುವಷ್ಟು ಗ್ಲೈಕಾಲಿಗಿಲ್ಲ.

ಫ್ಯಾನ್ ಬೆಲ್ಟನ್ನು ಎರಡು ಪುಲ್ಲಿಗಳ ನಡುವಿನ ಉದ್ದನೆಯ ಭಾಗದಲ್ಲಿ ಹೆಬ್ಬೆರಳಿನಿಂದ ಒತ್ತಿ. ಹಳೆಯ ಮಾದರಿಯ ವಿ ಬೆಲ್ಟ್ ಸಾಮಾನ್ಯವಾಗಿ 10ರಿಂದ 12 ಮಿಲಿಮೀಟರ್ ತಗ್ಗಬೇಕು. ಅದಕ್ಕಿಂತ ಸಡಿಲವಿದ್ದು ಪಕ್ಕಗಳು ಗಾಜಿನಂತೆ ಹೊಳೆಯುತ್ತಿದ್ದರೆ ಅದು ಜಾರುತ್ತಿದೆ. ಒಂದೇ ಬೆಲ್ಟಿನಿಂದ ಫ್ಯಾನೂ ಪಂಪೂ ತಿರುಗುವ ಗಾಡಿಯಲ್ಲಿ ಬೆಲ್ಟ್ ಜಾರಿದರೆ ಗಾಳಿ ಮತ್ತು ನೀರು ಎರಡೂ ಒಟ್ಟಿಗೆ ಕಡಿಮೆಯಾಗುತ್ತವೆ.

ಹಂತ 3: ಗಾಳಿಯೋ ನೀರೋ ಎಂಬುದನ್ನು ತೀರ್ಮಾನಿಸುವ ಮೂರು ಪ್ರಯೋಗಗಳು

ಇಡೀ ಪತ್ತೆಕಾರ್ಯದ ತಿರುಳು ಇಲ್ಲಿದೆ. ಹತ್ತು ಹದಿನೈದು ಕಿಲೋಮೀಟರ್ ಓಡಿಸಿ ಎಂಜಿನ್ ಕಾದ ಮೇಲೆ ಗಾಡಿಯನ್ನು ನೆರಳಿನಲ್ಲಿ ನಿಲ್ಲಿಸಿ. ಮೂತಿ ಗೋಡೆಗೆ ಎದುರಾಗಿರಬಾರದು, ಗಾಳಿ ಹಿಂದಿನಿಂದ ಬೀಸುವಂತೆಯೂ ಇರಬಾರದು. ಎಂಜಿನ್ ಆರಿಸದೆ ಎರಡೆರಡು ನಿಮಿಷಕ್ಕೊಮ್ಮೆ ತಾಪವನ್ನು ಕಾಗದದ ಮೇಲೆ ಬರೆದುಕೊಳ್ಳಿ, ನೆನಪನ್ನು ನಂಬಬೇಡಿ.

ಮೊದಲನೆಯದು ಎ.ಸಿ. ಪ್ರಯೋಗ. ಎ.ಸಿ. ಇರುವ ಗಾಡಿಯಲ್ಲಿ ರೇಡಿಯೇಟರ್‌ನ ಮುಂದೆ ಕಂಡೆನ್ಸರ್ ಕೂತಿರುತ್ತದೆ, ಎ.ಸಿ. ಹಾಕಿದರೆ ರೇಡಿಯೇಟರ್‌ಗೆ ಸಿಗುವುದು ಅದಾಗಲೇ ಬಿಸಿಯಾದ ಗಾಳಿ. ಎ.ಸಿ. ಹಾಕಿದಾಗ ಮಾತ್ರ ತಾಪ ಏರಿ, ಆರಿಸಿದಾಗ ನಿಂತರೆ ಫ್ಯಾನಿನ ಶಕ್ತಿ ಸಾಲುತ್ತಿಲ್ಲ ಅಥವಾ ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವೆ ಕಸ ಕಟ್ಟಿದೆ.

ಎರಡನೆಯದಕ್ಕೆ, ತಾಪ ಏರುತ್ತಿರುವಾಗ ಗಾಡಿ ನಿಂತಲ್ಲೇ ಆಕ್ಸಿಲರೇಟರ್ ಒತ್ತಿ ಎರಡು ಮೂರು ನಿಮಿಷ 1,500 ಸುತ್ತಿನಲ್ಲಿ ಹಿಡಿಯಿರಿ. ಬೆಲ್ಟಿನಿಂದ ತಿರುಗುವ ಫ್ಯಾನ್ ಇದ್ದರೆ ಈಗ ಗಾಳಿ ಮತ್ತು ನೀರು ಎರಡೂ ಹೆಚ್ಚುತ್ತವೆ. ಆದ್ದರಿಂದ ತಾಪ ಇಳಿದರೂ ಎರಡರಲ್ಲಿ ಯಾವುದರ ಕೊರತೆಯಿತ್ತೆಂದು ಹೇಳಲಾಗದು. ಎಲೆಕ್ಟ್ರಿಕ್ ಫ್ಯಾನ್ ಇರುವ ಗಾಡಿಯಲ್ಲಿ ಮಾತ್ರ ಉತ್ತರ ಸ್ಪಷ್ಟ: ಫ್ಯಾನಿನ ವೇಗ ಎಂಜಿನ್ನಿನ ವೇಗವನ್ನು ಅವಲಂಬಿಸಿಲ್ಲವಾದ್ದರಿಂದ ತಾಪ ಇಳಿದರೆ ಕೊರತೆಯಿದ್ದದ್ದು ನೀರಿನ ಹರಿವಿನಲ್ಲಿ.

ಮೂರನೆಯ ಪ್ರಯೋಗವನ್ನು ನಾನು ಎಲ್ಲಕ್ಕಿಂತ ಹೆಚ್ಚು ನಂಬುತ್ತೇನೆ, ಅದಕ್ಕೆ ಬೇಕಾಗಿರುವುದು ಮದುವೆಮನೆಗಳಲ್ಲಿ ಬಳಸುವಂತಹ ದೊಡ್ಡ ಪೆಡೆಸ್ಟಲ್ ಫ್ಯಾನ್. ಎಂಜಿನ್ ನಿಧಾನಗತಿಯಲ್ಲೇ ತಿರುಗುತ್ತಿರಲಿ, ವೇಗ ಹೆಚ್ಚಿಸಬೇಡಿ. ತಾಪ 100ರ ಹತ್ತಿರ ಬಂದಾಗ ಆ ಫ್ಯಾನನ್ನು ಗಾಡಿಯ ಮೂತಿಗೆ ಒಂದಡಿ ದೂರದಲ್ಲಿಟ್ಟು ಪೂರ್ತಿ ವೇಗದಲ್ಲಿ ಬಿಡಿ. ಐದಾರು ನಿಮಿಷದಲ್ಲಿ ತಾಪ ಇಳಿದು ನಿಂತರೆ ಪಂಪು, ಥರ್ಮೋಸ್ಟಾಟ್, ರೇಡಿಯೇಟರ್‌ನ ಒಳಭಾಗ ಮೂರೂ ಬಹುಮಟ್ಟಿಗೆ ನಿರ್ದೋಷಿಗಳು, ಕೊರತೆಯಿರುವುದು ಗಾಳಿಯದು. ಇಷ್ಟು ಗಾಳಿ ಬೀಸಿದರೂ ತಾಪ ಕದಲದಿದ್ದರೆ, ರೇಡಿಯೇಟರ್‌ನ ರೆಕ್ಕೆಗಳಲ್ಲಿ ಕಸ ಕಟ್ಟಿಲ್ಲವೆಂದು ಮೊದಲು ಖಚಿತಪಡಿಸಿಕೊಂಡು, ನೀರಿನ ಕಡೆಗೆ ಹೋಗಿ.

ಹಂತ 4: ಗಾಳಿಯ ಕಡೆಯ ದೋಷಗಳು

ಬಾನೆಟ್ ಎತ್ತಿ ಫ್ಯಾನ್ ಯಾವ ಬಗೆಯದೆಂದು ನೋಡಿ. ಅದರ ನಡುವೆ ರೆಕ್ಕೆರೆಕ್ಕೆಯಾದ, ಅಂಗೈಯಗಲದ ಅಲ್ಯೂಮಿನಿಯಂ ಡಬ್ಬಿಯಿದ್ದು ಎಂಜಿನ್ನಿನ ಪುಲ್ಲಿಗೆ ಜೋಡಿಸಿದ್ದರೆ ಅದು ವಿಸ್ಕಸ್ ಫ್ಯಾನ್. ಡಬ್ಬಿಯೊಳಗೆ ದಪ್ಪ ಸಿಲಿಕೋನ್ ಎಣ್ಣೆ ಇರುತ್ತದೆ, ಮುಂಭಾಗದಲ್ಲಿ ಸುರುಳಿಯಾದ ಅಥವಾ ಪಟ್ಟಿಯಂತಹ ದ್ವಿಲೋಹದ ಸ್ಪ್ರಿಂಗ್ ಇರುತ್ತದೆ. ರೇಡಿಯೇಟರ್ ದಾಟಿ ಬರುವ ಗಾಳಿ ಬಿಸಿಯಾದಂತೆ ಸ್ಪ್ರಿಂಗ್ ತಿರುಚಿಕೊಂಡು ಒಳಗಿನ ಬಾಗಿಲನ್ನು ತೆರೆಯುತ್ತದೆ, ಎಣ್ಣೆ ಎರಡು ತಟ್ಟೆಗಳ ನಡುವೆ ಹರಿದು ಅವುಗಳನ್ನು ಕಚ್ಚಿಸುತ್ತದೆ, ಫ್ಯಾನ್ ಪುಲ್ಲಿಯ ಜೊತೆಗೆ ಬಿಗಿಯಾಗಿ ತಿರುಗತೊಡಗುತ್ತದೆ. ತಣ್ಣಗಿರುವಾಗ ಅದು ಪುಲ್ಲಿಯ ವೇಗದ ಒಂದು ಚಿಕ್ಕ ಪಾಲಿನಷ್ಟೇ ತಿರುಗುತ್ತದೆ. ವರ್ಷಗಳು ಕಳೆದಂತೆ ಎಣ್ಣೆ ಸೋರಿಹೋಗಿ, ಕಚ್ಚಿಕೊಳ್ಳುವ ಶಕ್ತಿ ಸದ್ದಿಲ್ಲದೆ ಕುಂದುತ್ತದೆ. ಫ್ಯಾನ್ ತಿರುಗುತ್ತಿರುವುದು ಕಣ್ಣಿಗೆ ಕಾಣುವುದರಿಂದ ಅದರ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ಈ ತೊಂದರೆ ಇಷ್ಟು ಕಾಲ ಪತ್ತೆಯಾಗದೆ ಉಳಿಯುವುದು ಇದೇ ಕಾರಣಕ್ಕೆ.

ಇದರ ಪರೀಕ್ಷೆ ಹೀಗೆ. ಬೆಳಿಗ್ಗೆ ತಣ್ಣಗಿರುವ ಎಂಜಿನ್ನನ್ನು ಸ್ಟಾರ್ಟ್ ಮಾಡಿದಾಗ ಮೊದಲ ಒಂದೆರಡು ನಿಮಿಷ ಫ್ಯಾನಿನ ಜೋರಾದ ಭೋರ್ಗರೆತ ಕೇಳಿ ಆಮೇಲೆ ತಗ್ಗಿದರೆ ಅದು ಆರೋಗ್ಯದ ಲಕ್ಷಣ. ರಾತ್ರಿ ಒಳಗೆ ಹರಡಿಕೊಂಡ ಎಣ್ಣೆ ಮರಳಿ ತನ್ನ ಕೋಣೆಗೆ ಸೇರುವವರೆಗೆ ಹಾಗಾಗುತ್ತದೆ. ನಂತರ ಎಂಜಿನ್ ಚೆನ್ನಾಗಿ ಕಾದು ತಾಪ ಏರುತ್ತಿರುವಾಗ ಅದೇ ಭೋರ್ಗರೆತ ಮರಳಿ ಬರಬೇಕು. ಬರದಿದ್ದರೆ ಎಂಜಿನ್ ಆರಿಸಿ, ಕೀಯನ್ನು ಜೇಬಿಗಿಟ್ಟು, ಕೈಗವಸು ಹಾಕಿ ಬಿಸಿಯಿರುವಾಗಲೇ ಫ್ಯಾನಿನ ಎಲೆಯನ್ನು ತಿರುಗಿಸಿ. ಬಿಗಿಯಾದ ತಡೆ ಕೈಗೆ ಸಿಗಬೇಕು. ಒಮ್ಮೆ ತಳ್ಳಿದರೆ ಎರಡು ಮೂರು ಸುತ್ತು ಹಗುರವಾಗಿ ತಿರುಗಿದರೆ ಡಬ್ಬಿ ಸತ್ತಿದೆ. ಎಲೆಯ ತುದಿಯನ್ನು ಹಿಂದೆ ಮುಂದೆ ಅಲುಗಾಡಿಸಿದಾಗ ಸಡಿಲು ಕಂಡರೆ ಒಳಗಿನ ಬೇರಿಂಗ್ ಹೋಗಿದೆ. ಡಬ್ಬಿಯ ನಡುವಿನಿಂದ ಹೊರಕ್ಕೆ ಕಿರಣಗಳಂತೆ ಹರಡಿದ, ಧೂಳು ಮೆತ್ತಿದ ಎಣ್ಣೆಯ ಗೆರೆಗಳಿದ್ದರೆ ಸಿಲಿಕೋನ್ ಸೋರಿದೆ. ಸುತ್ತಿದ ದಿನಪತ್ರಿಕೆಯನ್ನು ತಿರುಗುವ ಫ್ಯಾನಿಗೆ ಒಡ್ಡಿ ಅದರ ಶಕ್ತಿ ನೋಡುವ ಅಭ್ಯಾಸ ಕೆಲವು ಮೆಕ್ಯಾನಿಕ್‌ಗಳಿಗಿದೆ. ದಯವಿಟ್ಟು ಮಾಡಬೇಡಿ. ಎಲೆ ಮುರಿದು ಹಾರಿದರೆ ಮೊದಲು ಸಿಗುವುದು ಎದುರಿಗೆ ನಿಂತವರ ಮುಖ.

ಎಲೆಕ್ಟ್ರಿಕ್ ಫ್ಯಾನ್ ಇದ್ದರೆ ಕೆಲಸ ಸುಲಭ. ಎ.ಸಿ. ಹಾಕಿದಾಗ ಬಹುತೇಕ ಗಾಡಿಗಳಲ್ಲಿ ಫ್ಯಾನ್ ಚಾಲೂ ಆಗಬೇಕು. ಆಗದಿದ್ದರೆ ಫ್ಯೂಸ್ ನೋಡಿ, ಫ್ಯಾನಿನ ರಿಲೇಯನ್ನು (ಕರೆಂಟ್ ಹಾಯಿಸುವ ಸ್ವಿಚ್ಚನ್ನು), ಅಂತಹದೇ ಇನ್ನೊಂದು ರಿಲೇ ಇದ್ದರೆ, ಅದರೊಂದಿಗೆ ಅದಲುಬದಲು ಮಾಡಿ ನೋಡಿ, ಕೊನೆಗೆ ಮೋಟಾರಿನ ಸಾಕೆಟ್ ಬಿಚ್ಚಿ ಫ್ಯೂಸ್ ಇರುವ ತಂತಿಯ ಮೂಲಕ ಬ್ಯಾಟರಿಯಿಂದ ನೇರ ಕರೆಂಟ್ ಕೊಡಿ. ನೇರ ಕೊಟ್ಟಾಗ ತಿರುಗಿದರೆ ದೋಷ ತಂತಿ, ರಿಲೇ ಅಥವಾ ಸೆನ್ಸರಿನಲ್ಲಿದೆ. ಹೊಸ ಮೋಟಾರ್ ಹಾಕಿಸಿದ ಮೇಲೆ ಫ್ಯಾನ್ ಉಲ್ಟಾ ತಿರುಗುವುದೂ ಉಂಟು. ಒಂದು ಹಾಳೆಯನ್ನು ಮುಂಭಾಗದ ಜಾಲರಿಗೆ ಹಿಡಿದರೆ ಅದು ಜಾಲರಿಗೆ ಅಂಟಿಕೊಳ್ಳಬೇಕು. ದೂರ ಹಾರಿದರೆ ಗಾಳಿ ತಿರುವುಮುರುವಾಗಿದೆ.

ಫ್ಯಾನ್ ಸರಿಯಿದ್ದರೂ ಅದರ ಸುತ್ತಲಿನ ಪ್ಲಾಸ್ಟಿಕ್ ಬಳೆ, ಅಂದರೆ ಶ್ರೌಡ್, ಇಲ್ಲದಿದ್ದರೆ ಪ್ರಯೋಜನವಿಲ್ಲ. ನನ್ನ ಸ್ವಂತ ಪಿಕಪ್‌ನಲ್ಲಿ ಒಂದಿಡೀ ಬೇಸಿಗೆ ನನ್ನನ್ನು ಕಾಡಿದ್ದು ಇದೇ. ಗ್ಯಾರೇಜೊಂದರಲ್ಲಿ ರೇಡಿಯೇಟರ್ ಬಿಚ್ಚಿ ಕೂಡಿಸುವಾಗ ಬಿರುಕುಬಿಟ್ಟಿದ್ದ ಶ್ರೌಡನ್ನು ಮರಳಿ ಹಾಕದೆ ಬಿಟ್ಟಿದ್ದರು. ನಾನು ಹೊಸ ಥರ್ಮೋಸ್ಟಾಟ್, ಹೊಸ ಮುಚ್ಚಳ ಎಲ್ಲ ಹಾಕಿ ನೋಡಿದ ಮೇಲೆ, ಪೆಡೆಸ್ಟಲ್ ಫ್ಯಾನ್ ಇಟ್ಟ ದಿನವೇ ವಿಷಯ ಬಗೆಹರಿಯಿತು. ಶ್ರೌಡ್ ಇಲ್ಲದ ಫ್ಯಾನ್ ರೇಡಿಯೇಟರ್ ಮೂಲಕ ಗಾಳಿ ಎಳೆಯುವ ಬದಲು ಬದಿಗಳಿಂದ ಸುಲಭವಾಗಿ ಸಿಗುವ ಎಂಜಿನ್ನಿನ ಬಿಸಿಗಾಳಿಯನ್ನೇ ಎಳೆದು ತಿರುಗಿಸುತ್ತಿರುತ್ತದೆ. ರೇಡಿಯೇಟರ್‌ನ ಮೇಲೆ ಮತ್ತು ಬದಿಗಳಲ್ಲಿರುವ ರಬ್ಬರ್ ಪಟ್ಟಿ ಹಾಗೂ ಫೋಮ್ ಕೂಡ ಇಷ್ಟೇ ಮುಖ್ಯ. ಅವು ಕಳೆದುಹೋದರೆ, ಗಾಡಿ ನಿಂತಾಗ ಎಂಜಿನ್ ಕಡೆಯ ಬಿಸಿಗಾಳಿ ಆ ಸಂದಿಗಳಿಂದ ಸುತ್ತಿ ಮೂತಿಗೆ ಬಂದು ಮತ್ತೆ ರೇಡಿಯೇಟರ್ ಒಳಹೊಗುತ್ತದೆ. ಮುಂದಕ್ಕೆ ಓಡುವ ಗಾಡಿಯಲ್ಲಿ ಎದುರುಗಾಳಿ ಇದಕ್ಕೆ ಅವಕಾಶ ಕೊಡುವುದಿಲ್ಲ.

ಇನ್ನು ಕಸದ ಮಾತು. ಮುಂದಿನಿಂದ ನೋಡಿದರೆ ಶುಭ್ರವಾಗಿ ಕಾಣುವ ಗಾಡಿಯಲ್ಲೂ ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವಿನ ಬೆರಳಗಲದ ಸಂದಿಯಲ್ಲಿ ಧೂಳು, ಹುಳು, ಹತ್ತಿಯ ಎಳೆ, ಭತ್ತದ ಹೊಟ್ಟು ಸೇರಿ ಕಂಬಳಿಯಂತೆ ಕೂತಿರುತ್ತದೆ. ಕಣದ ಬಳಿ ನಿಂತು ಲೋಡ್ ಮಾಡುವ ಗಾಡಿಗಳಲ್ಲಿ ಇದು ಒಂದೇ ಸುಗ್ಗಿಯಲ್ಲಿ ಆಗುತ್ತದೆ. ಟಾರ್ಚ್ ಹಿಡಿದು ಮೇಲಿನಿಂದ ಆ ಸಂದಿಯನ್ನು ನೋಡಿ. ತೊಳೆಯುವಾಗ ಎಂಜಿನ್ ಕಡೆಯಿಂದ ಮುಂದಕ್ಕೆ, ಮನೆಯ ನಲ್ಲಿಯ ಒತ್ತಡದ ನೀರಿನಿಂದ ತೊಳೆಯಿರಿ. ವಾಟರ್ ಸರ್ವಿಸ್‌ನ ಜೋರಾದ ಜೆಟ್ ಹಿಡಿದರೆ ತೆಳುವಾದ ರೆಕ್ಕೆಗಳು ಮಲಗಿ ಗಾಳಿಯ ದಾರಿ ಶಾಶ್ವತವಾಗಿ ಮುಚ್ಚುತ್ತದೆ. ಜಾಲರಿಯ ಮುಂದೆ ಕಟ್ಟಿದ ಸೊಳ್ಳೆಪರದೆ, ಹೆಸರಿನ ಫಲಕ, ಹೆಚ್ಚುವರಿ ದೀಪಗಳು, ಆಯುಧಪೂಜೆಯಲ್ಲಿ ಕಟ್ಟಿ ತಿಂಗಳಾದರೂ ಬಿಚ್ಚದ ಒಣಗಿದ ಹಾರ ಮತ್ತು ಬಾಳೆಕಂದಿನ ನಾರು, ಇವೆಲ್ಲವನ್ನೂ ತೆಗೆದು ಮತ್ತೊಮ್ಮೆ ಅಳೆಯಿರಿ.

ಹಂತ 5: ನೀರಿನ ಕಡೆಯ ದೋಷಗಳು

ಮುಚ್ಚಳದಿಂದ ಆರಂಭಿಸಿ, ಅದು ಅಗ್ಗದ ಭಾಗ. ಅನೇಕ ಮುಚ್ಚಳಗಳ ಮೇಲೆ 0.9 ಅಥವಾ 1.1 ಎಂದು ಅಚ್ಚಾಗಿರುತ್ತದೆ, ಅದು ಒತ್ತಡದ ಅಂಕಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ತೆರೆದ ಪಾತ್ರೆಯ ನೀರು ಇಲ್ಲಿ ಸುಮಾರು 97 ಡಿಗ್ರಿಗೇ ಕುದಿಯುತ್ತದೆ, ಮಡಿಕೇರಿಯಲ್ಲಿ ಇನ್ನೂ ಒಂದು ಡಿಗ್ರಿ ಮೊದಲೇ. ಸುಮಾರು 1 ಬಾರ್ ಒತ್ತಡ ಹಿಡಿಯುವ ಮುಚ್ಚಳವಿದ್ದರೆ ಕುದಿಯುವ ತಾಪ 20 ಡಿಗ್ರಿಗಿಂತ ಹೆಚ್ಚು ಮೇಲಕ್ಕೆ ಹೋಗುತ್ತದೆ. ರಬ್ಬರ್ ಬಿರಿದ ಮುಚ್ಚಳದಲ್ಲಿ ಆ ರಕ್ಷಣೆ ಇರುವುದಿಲ್ಲ, ಸಹಜ ತಾಪದಲ್ಲೇ ನೀರು ಕುದಿದು ಬಾಟಲಿಗೆ ಉಕ್ಕುತ್ತದೆ. ಎಂಜಿನ್ ತಣ್ಣಗಾದ ಮೇಲೆ ಮೇಲಿನ ಹೋಸ್ ಚಪ್ಪಟೆಯಾಗಿ ಹೀರಿಕೊಂಡಿದ್ದರೆ ಮುಚ್ಚಳದ ನಡುವಿನ ಚಿಕ್ಕ ವಾಲ್ವ್ ಅಂಟಿಕೊಂಡಿದೆ ಎಂದರ್ಥ.

ಕೂಲೆಂಟ್ ಇತ್ತೀಚೆಗೆ ಬದಲಿಸಿದ್ದರೆ ಒಳಗೆ ಗಾಳಿ ಸಿಕ್ಕಿಕೊಂಡಿರಬಹುದು. ಗಾಡಿಯ ಮೂತಿ ಮೇಲಿರುವಂತೆ ಇಳಿಜಾರಿನಲ್ಲಿ ನಿಲ್ಲಿಸಿ, ಹೀಟರ್ ಇದ್ದರೆ ಪೂರ್ತಿ ತೆರೆದು, ತಣ್ಣಗಿರುವಾಗಲೇ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿ. ಥರ್ಮೋಸ್ಟಾಟ್ ತೆರೆಯುವವರೆಗೆ ಗುಳ್ಳೆಗಳು ಹೊರಬರುತ್ತ ಮಟ್ಟ ಇಳಿಯುತ್ತದೆ, ಇಳಿದಷ್ಟನ್ನು ತುಂಬಿಸುತ್ತ ಹೋಗಿ. ದ್ರವ ಉಕ್ಕಿ ಬರತೊಡಗಿದರೆ ಎಂಜಿನ್ ಆರಿಸಿ ದೂರ ಸರಿಯಿರಿ.

ವಾಟರ್ ಬಾಡಿಯ ಒಳಗಿನ ಎಲೆಗಳು ತುಕ್ಕಿಗೆ ಸವೆದಿದ್ದರೆ ಹೆಚ್ಚಿನ ವೇಗದಲ್ಲಿ ಹೇಗೋ ಸಾಕಾಗುವಷ್ಟು ನೀರು ತಳ್ಳುತ್ತವೆ, ನಿಧಾನಗತಿಯಲ್ಲಿ ಸೋಲುತ್ತವೆ. ಎಂಜಿನ್ ಕಾದು ನಿಂತಿರುವಾಗ ಮೇಲಿನ ಮತ್ತು ಕೆಳಗಿನ ಹೋಸುಗಳ ತಾಪವನ್ನು ಅಳೆಯಿರಿ. ಗಾಳಿ ಸಾಲದಿದ್ದಾಗ ಕೆಳಗಿನ ಹೋಸೂ ಮೇಲಿನದರ ಹತ್ತಿರದಷ್ಟೇ ಬಿಸಿಯಿರುತ್ತದೆ, ಏಕೆಂದರೆ ನೀರು ಹರಿಯುತ್ತಿದೆ, ಆದರೆ ಆರುತ್ತಿಲ್ಲ. ಹರಿವು ಸಾಲದಿದ್ದಾಗ ಮೇಲಿನದು ಸುಡುತ್ತಿದ್ದರೂ ಕೆಳಗಿನದು ಬಹಳ ತಣ್ಣಗಿರುತ್ತದೆ. ಈ ಒಂದು ಹೋಲಿಕೆ ಪೆಡೆಸ್ಟಲ್ ಫ್ಯಾನಿನ ತೀರ್ಪನ್ನು ಚೆನ್ನಾಗಿ ದೃಢಪಡಿಸುತ್ತದೆ.

ಥರ್ಮೋಸ್ಟಾಟನ್ನು ತೆಗೆದು ಎಸೆಯುವ ಪದ್ಧತಿಯ ಬಗ್ಗೆ ನನ್ನ ಅಭಿಪ್ರಾಯ ಕಟುವಾದದ್ದು: ಅದು ರಿಪೇರಿಯಲ್ಲ, ಹಾನಿ. ಅನೇಕ ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ರೇಡಿಯೇಟರ್‌ನ ದಾರಿಯನ್ನು ತೆರೆಯುವಾಗಲೇ ತನ್ನ ಇನ್ನೊಂದು ತುದಿಯಿಂದ ಅಡ್ಡದಾರಿಯನ್ನು ಮುಚ್ಚುತ್ತದೆ. ಅದನ್ನು ತೆಗೆದರೆ ಅಡ್ಡದಾರಿ ಸದಾ ತೆರೆದಿದ್ದು, ಬಿಸಿನೀರಿನ ಒಂದು ಪಾಲು ರೇಡಿಯೇಟರ್‌ಗೆ ಹೋಗದೆ ಎಂಜಿನ್ನಿನೊಳಗೇ ಸುತ್ತುತ್ತದೆ. ಓಡುವಾಗ ಎಂಜಿನ್ ಅತಿಯಾಗಿ ತಣ್ಣಗಾಗಿ ಡೀಸೆಲ್ ಹೆಚ್ಚು ಕುಡಿಯುತ್ತದೆ, ಸವೆತವೂ ಹೆಚ್ಚುತ್ತದೆ. ಅನುಮಾನವಿದ್ದರೆ ಬಿಚ್ಚಿ ಪರೀಕ್ಷಿಸಿ: ಅಡುಗೆಗೆ ಮತ್ತೆ ಬಳಸದ ಪಾತ್ರೆಯಲ್ಲಿ ನೀರು ಕಾಯಿಸಿ, ಥರ್ಮೋಸ್ಟಾಟನ್ನು ತಂತಿಯಿಂದ ತೂಗುಬಿಟ್ಟು ಥರ್ಮಾಮೀಟರ್ ಇಡಿ. ಅದರ ಮೇಲೆ ಅಚ್ಚಾಗಿರುವ 82 ಅಥವಾ 88ರಂತಹ ತಾಪದ ಹತ್ತಿರ ತೆರೆಯಲಾರಂಭಿಸಿ, ನೀರು ಕುದಿಯುವ ಹೊತ್ತಿಗೆ ಪೂರ್ತಿ ತೆರೆದಿರಬೇಕು. ಮರಳಿ ಕೂಡಿಸುವಾಗ ಅದರಲ್ಲಿರುವ ಅಲುಗಾಡುವ ಪುಟ್ಟ ಪಿನ್ ಮೇಲ್ಭಾಗದಲ್ಲಿರಲಿ, ಗಾಳಿ ಹೊರಹೋಗುವ ದಾರಿ ಅದೇ.

ಹಂತ 6: ಹೆಡ್ ಗ್ಯಾಸ್ಕೆಟ್ ಅನುಮಾನ

ಇದನ್ನು ಕೊನೆಗಿಟ್ಟಿರುವುದು ಬೇಕೆಂದೇ. ಪೂರ್ತಿ ತಣ್ಣಗಿದ್ದ ಎಂಜಿನ್ ಸ್ಟಾರ್ಟ್ ಮಾಡಿ ಒಂದೆರಡು ನಿಮಿಷದಲ್ಲೇ, ನೀರು ಇನ್ನೂ ಕಾಯುವ ಮುನ್ನವೇ ಮೇಲಿನ ಹೋಸ್ ಕಲ್ಲಿನಂತೆ ಬಿಗಿಯಾದರೆ ಸಿಲಿಂಡರಿನ ಅನಿಲ ನೀರಿಗೆ ಸೇರುತ್ತಿದೆ. ತಣ್ಣಗಿರುವಾಗ ಮುಚ್ಚಳ ತೆರೆದು ಸ್ಟಾರ್ಟ್ ಮಾಡಿದರೆ ನಿಲ್ಲದೆ ಗುಳ್ಳೆಗಳು ಬರುವುದು, ಡಿಪ್‌ಸ್ಟಿಕ್ಕಿನಲ್ಲಿ ಹಾಲು ಬೆರೆಸಿದ ಕಾಫಿಯಂತಹ ಆಯಿಲ್ ಕಾಣುವುದು, ಕಾದ ಮೇಲೂ ಸೈಲೆನ್ಸರಿನಿಂದ ಸಿಹಿ ವಾಸನೆಯ ಬಿಳಿ ಹೊಗೆ ನಿಲ್ಲದಿರುವುದು ಇತರ ಸಾಕ್ಷ್ಯಗಳು. ರೇಡಿಯೇಟರ್ ಕುತ್ತಿಗೆಯ ಮೇಲಿನ ಗಾಳಿಯನ್ನು ನೀಲಿ ದ್ರಾವಣದ ಮೂಲಕ ಹಾಯಿಸಿ, ಅದರ ಬಣ್ಣ ಬದಲಾಗುವುದನ್ನು ನೋಡುವ ಪರೀಕ್ಷೆಯೂ ಇದೆ, ಹೆಡ್ ಬಿಚ್ಚಲು ಒಪ್ಪುವ ಮುನ್ನ ಅದನ್ನು ಮಾಡಿಸಿ. ಓಡುವಾಗ ತಣ್ಣಗೇ ಇರುವ ಗಾಡಿಗೆ, ಈ ಯಾವ ಲಕ್ಷಣವೂ ಇಲ್ಲದೆ, ಹೆಡ್ ಬಿಚ್ಚಬೇಕೆಂದು ಯಾರಾದರೂ ಹೇಳಿದರೆ ಒಪ್ಪಬೇಡಿ.

ಪತ್ತೆಯಾಗುವ ಮೊದಲೇ ದಾರಿಯಲ್ಲಿ ಬಿಸಿಯೇರಿದರೆ

ಮುಳ್ಳು ಏರತೊಡಗಿದ ಕೂಡಲೇ ಎ.ಸಿ. ಆರಿಸಿ, ಹೀಟರ್ ಇದ್ದರೆ ಪೂರ್ತಿ ಬಿಸಿಗೆ ತಿರುಗಿಸಿ ಬ್ಲೋವರ್ ಜೋರು ಮಾಡಿ. ಒಳಗೆ ಕೂತವರಿಗೆ ಕಷ್ಟವಾದರೂ ಅದು ಇನ್ನೊಂದು ಚಿಕ್ಕ ರೇಡಿಯೇಟರಿನಂತೆ ಕೆಲಸ ಮಾಡುತ್ತದೆ. ನ್ಯೂಟ್ರಲ್‌ನಲ್ಲಿ 1,200ರಿಂದ 1,500 ಸುತ್ತಿಗೆ ಹಿಡಿಯಿರಿ. ಹಬೆ ಕಂಡರೆ ಅಥವಾ ಮುಳ್ಳು ಕೆಂಪು ಮುಟ್ಟಿದರೆ ಬದಿಗೆ ನಿಲ್ಲಿಸಿ ಎಂಜಿನ್ ಆರಿಸಿ. ಕಾದ ಎಂಜಿನ್ನಿಗೆ ತಣ್ಣೀರು ಸುರಿದರೆ ಹೆಡ್ ಬಿರುಕು ಬಿಡಬಹುದು ಅಥವಾ ಬೆಂಡ್ ಆಗಬಹುದು, ಕೆಲವು ನೂರು ರೂಪಾಯಿಯ ತೊಂದರೆ ಹತ್ತಾರು ಸಾವಿರಕ್ಕೆ ಏರುತ್ತದೆ.

ರಿಪೇರಿಯಾದ ಮೇಲೆ

ಒಮ್ಮೆಗೆ ಒಂದೇ ಭಾಗ ಬದಲಿಸಿ, ಪ್ರತಿ ಸಲವೂ ಮೂರನೆಯ ಹಂತದ ಪ್ರಯೋಗವನ್ನು ಅದೇ ಜಾಗದಲ್ಲಿ, ಹೆಚ್ಚುಕಡಿಮೆ ಅದೇ ಬಿಸಿಲಿನ ಹೊತ್ತಿನಲ್ಲಿ ಮತ್ತೆ ಮಾಡಿ, ಮೊದಲು ಬರೆದಿಟ್ಟ ಅಂಕಿಗಳ ಪಕ್ಕದಲ್ಲೇ ಹೊಸ ಅಂಕಿಗಳನ್ನು ಬರೆಯಿರಿ. ಎ.ಸಿ. ಇದ್ದರೆ ಅದನ್ನು ಹಾಕಿಯೇ ಅರ್ಧ ಗಂಟೆ ನಿಲ್ಲಿಸಿ. ತಾಪ ಒಂದು ಮಟ್ಟಕ್ಕೆ ಏರಿ ಅಲ್ಲೇ ನಿಲ್ಲಬೇಕು, ಅಥವಾ ಎಲೆಕ್ಟ್ರಿಕ್ ಫ್ಯಾನ್ ಆದರೆ ಕ್ರಮವಾಗಿ ಏರಿ ಇಳಿಯಬೇಕು. ನಿಧಾನವಾಗಿಯಾದರೂ ಏರುತ್ತಲೇ ಇದ್ದರೆ ಇನ್ನೊಂದು ದೋಷ ಉಳಿದಿದೆ. ವಿಸ್ಕಸ್ ಡಬ್ಬಿ ಮತ್ತು ಕಸ ಎರಡೂ ಒಟ್ಟಿಗೆ ಇರುವುದು ಹಳೆಯ ಗಾಡಿಗಳಲ್ಲಿ ಅಪರೂಪವಲ್ಲ. ಮರುದಿನ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುನ್ನ ಮುಚ್ಚಳ ತೆರೆದು ಮಟ್ಟ ನೋಡಿ, ಒಂದು ವಾರ ಬಿಟ್ಟು ಮತ್ತೊಮ್ಮೆ ನೋಡಿ.